ಹಾಲು ಕೆಂಪಾಗುವ ಹೊತ್ತು

ಸಕ್ಕರೆ ಹಾಕಿದ ಹಾಲನ್ನು ಸಣ್ಣ ಉರಿಯಲ್ಲಿ ಎರಡು ಗಂಟೆ ಬತ್ತಿಸಿದರೆ ಅದು ಮೊದಲು ಕೆನೆಯ ಬಣ್ಣಕ್ಕೆ, ಬಳಿಕ ಗೋಧಿಯ ಬಣ್ಣಕ್ಕೆ, ಕೊನೆಗೆ ಹೊಸ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಆ ಹಂತದಲ್ಲಿ ಒಲೆಯಿಂದ ಇಳಿಸಿದ ದಪ್ಪ ಪಾಕವೇ ಹಾಲಿನ ಕ್ಯಾರಮೆಲ್ ಸಾಸ್. ಅರ್ಜೆಂಟಿನಾ, ಉರುಗ್ವೆಗಳಲ್ಲಿ ಇದನ್ನು ದುಲ್ಸೆ ದೆ ಲೆಚೆ ಎನ್ನುತ್ತಾರೆ. ಮೆಕ್ಸಿಕೊದ ಸೆಲಾಯಾ ಪಟ್ಟಣ ಮೇಕೆ ಹಾಲಿನಿಂದ ಮಾಡುವ ಕಹೇತಾಕ್ಕೆ ಹೆಸರಾಗಿದೆ. ಫ್ರಾನ್ಸಿನ ನಾರ್ಮಂಡಿಯವರದು ಕಾನ್ಫಿತ್ಯೂರ್ ದ ಲೆ, ಅಂದರೆ ಹಾಲಿನ ಜಾಮ್. ಮಂಗಳೂರಿನ ಅಡುಗೆಮನೆಯಲ್ಲಿ ಈ ಸಾಸಿಗೆ ಇನ್ನೂ ಸ್ವಂತದ ಹೆಸರಿಲ್ಲ. ಆದರೆ ಅದಕ್ಕೆ ಬೇಕಾದ ಹಾಲು, ಪಾತ್ರೆ, ಕೈಬಿಡದೆ ಮಗುಚುವ ಅಭ್ಯಾಸ ಇಲ್ಲಿ ಹಿಂದಿನಿಂದಲೂ ಇವೆ. ಇದನ್ನು ಸವರಿ ತಿನ್ನಲು ಒಳ್ಳೆಯ ತಿಂಡಿಗಳಿಗೂ ಕೊರತೆಯಿಲ್ಲ.

ಕ್ಯಾರಮೆಲ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಪದಾರ್ಥಗಳಿವೆ. ಒಂದು, ಸುಟ್ಟ ಸಕ್ಕರೆಯದು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಹಬ್ಬದೂಟಕ್ಕೆ ಕ್ಯಾರಮೆಲ್ ಪುಡಿಂಗ್ ಮಾಡುವವರು ಅಲ್ಯೂಮಿನಿಯಂ ಅಚ್ಚಿಗೆ ನಾಲ್ಕು ಚಮಚ ಸಕ್ಕರೆ ಹಾಕಿ, ನೇರ ಉರಿಯ ಮೇಲೆ ಹಿಡಿದು, ಅದು ಕರಗಿ ಕೆಂಪಾಗುತ್ತಿದ್ದಂತೆ ಅಚ್ಚನ್ನು ಸುತ್ತಲೂ ಓಲಾಡಿಸಿ ತಳಕ್ಕೆಲ್ಲ ಹರಡುತ್ತಾರೆ. ಮೇಲಿಂದ ಮೊಟ್ಟೆ ಹಾಲಿನ ಮಿಶ್ರಣ ಸುರಿದು ಹಬೆಯಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಬೋರಲು ಹಾಕಿದರೆ ಕೆಂಪು ಪಾಕ ಮೇಲಿಂದ ಇಳಿಯುತ್ತದೆ. ಸಕ್ಕರೆ ತಾನೊಂದೇ ಹೀಗೆ ಕೆಂಪಾಗಬೇಕಾದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದರ ರುಚಿಯಲ್ಲಿ ಒಗರು, ಕಹಿ ಎರಡೂ ಇರುತ್ತವೆ. ಇನ್ನೊಂದು, ಇಲ್ಲಿ ಹೇಳುತ್ತಿರುವ ಹಾಲಿನ ಪಾಕ. ಇದು ಎಷ್ಟೇ ಬತ್ತಿದರೂ 105 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಅದರಲ್ಲಿ ಕೊನೆಯವರೆಗೂ ನೀರಿರುತ್ತದೆ. ಅಷ್ಟು ಬಿಸಿಗೆ ಸಕ್ಕರೆ ಸುಡುವುದಿಲ್ಲ. ಹಾಗಿದ್ದೂ ಹಾಲು ಕೆಂಪಾಗುತ್ತದೆ.

ಈ ಕೆಂಪು ಬರುವುದು ಹಾಲಿನೊಳಗಿನಿಂದಲೇ. ಹಾಲಿನಲ್ಲಿ ಸ್ವಾಭಾವಿಕವಾಗಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ, ಕೇಸಿನ್ ಮೊದಲಾದ ಪ್ರೋಟೀನುಗಳಿವೆ. ಇವೆರಡೂ ಬಿಸಿಯಲ್ಲಿ ಒಂದಕ್ಕೊಂದು ಕೂಡಿಕೊಂಡಾಗ ಕಂದು ಬಣ್ಣವೂ ನೂರಾರು ಬಗೆಯ ಪರಿಮಳಗಳೂ ಹುಟ್ಟುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಾಮಿಯ್ ಮಯ್ಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ಉಳಿದಿದೆ. ಹೆಂಚಿನ ಮೇಲೆ ದೋಸೆ ಕೆಂಪಾಗುವುದು, ಕಾಫಿ ಬೀಜ ಹುರಿದಾಗ ಘಮ್ಮೆನ್ನುವುದು, ಬ್ರೆಡ್ಡಿನ ಮೇಲ್ಮೈ ಕಂದಾಗುವುದು ಎಲ್ಲವೂ ಬಹುಪಾಲು ಇದೇ ಕ್ರಿಯೆ. ಹೊರಗಿನಿಂದ ಹಾಕುವ ಸಕ್ಕರೆ ಈ ಕೆಲಸದಲ್ಲಿ ಹೆಚ್ಚು ಪಾಲು ತೆಗೆದುಕೊಳ್ಳುವುದಿಲ್ಲ. ಅದು ಸಿಹಿ ಮತ್ತು ಮೈಕಟ್ಟು ಕೊಡುತ್ತದೆ, ಪಾಕ ಕೆಡದಂತೆ ಕಾಯುತ್ತದೆ. ಇದು ತಿಳಿದಿದ್ದರೆ ಉರಿ ಜೋರು ಮಾಡಿ ಬೇಗ ಕೆಂಪು ತರುವ ಆಸೆ ತಾನಾಗಿ ಹೋಗುತ್ತದೆ. ಉರಿ ಜೋರಾದರೆ ತಳದಲ್ಲಿ ಹಾಲು ಸೀಯುತ್ತದೆಯೇ ಹೊರತು ಮೇಲಿನ ಹಾಲು ಬೇಗ ಕೆಂಪಾಗುವುದಿಲ್ಲ.

ಕನ್ನಡ ನಾಡಿಗೆ ಕೆಂಪು ಹಾಲು ಹೊಸದಲ್ಲ. ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಕುಟುಂಬ ಧಾರವಾಡದಲ್ಲಿ ಪ್ರಸಿದ್ಧಿಗೆ ತಂದ ಪೇಡದ ಜೀವಾಳವೇ ಖೋವಾವನ್ನು ಸಕ್ಕರೆಯೊಂದಿಗೆ ಕಂದಾಗುವವರೆಗೆ ಹುರಿಯುವುದು. ಮಥುರಾದ ಪೇಡಕ್ಕೂ ಧಾರವಾಡದ ಪೇಡಕ್ಕೂ ಬಣ್ಣದಲ್ಲಿ ಕಾಣುವ ಅಂತರ ಬಂದದ್ದು ಈ ಹುರಿತದ ಹೆಚ್ಚುಕಡಿಮೆಯಿಂದ. ಬೆಳಗಾವಿಯ ಕುಂದಾ ಕೂಡ ಅದೇ ವಂಶದ್ದು, ತರಿತರಿಯಾಗಿರುವುದೇ ಅದರ ಗುಣ. ಹಾಲಿನ ಕ್ಯಾರಮೆಲ್ ಸಾಸ್ ಈ ಎರಡಕ್ಕೂ ಹತ್ತಿರದ ನೆಂಟ. ಧಾರವಾಡದವರು ನೀರನ್ನು ಬಹುಪಾಲು ಆರಿಸಿ ಮುಂದಕ್ಕೆ ಹೋದರು. ಸಾಸ್ ಮಾಡುವವರು ಪಾಕದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ನೀರು ಉಳಿದಿರುವಾಗಲೇ ನಿಲ್ಲುತ್ತಾರೆ. ದಕ್ಷಿಣ ಅಮೆರಿಕದ ಮೆರ್ಕೊಸುರ್ ದೇಶಗಳ ಆಹಾರ ನಿಯಮ ದುಲ್ಸೆ ದೆ ಲೆಚೆಯಲ್ಲಿ ತೇವಾಂಶ ಶೇ. 30 ಮೀರಬಾರದು ಎನ್ನುತ್ತದೆ. ಮನೆಯಲ್ಲಿ ಮಾಡುವವರಿಗೂ ಅದು ಒಳ್ಳೆಯ ಗುರಿ.

ಮೊದಲ ಮಾತು ಹಾಲಿನದು. ಮಂಗಳೂರಿನ ಹೆಚ್ಚಿನ ಮನೆಗಳಿಗೆ ಬೆಳಿಗ್ಗೆ ಬರುವುದು ನಂದಿನಿ ಪ್ಯಾಕೆಟ್, ಅಂದರೆ ಕುಲಶೇಖರದಲ್ಲಿ ಡೇರಿ ಇರುವ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಹಾಲು. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಕೊಬ್ಬಲ್ಲದ ಘನಾಂಶ ಶೇ. 8.5. ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಕೊಬ್ಬು ಶೇ. 4.5, ಘನಾಂಶ ಅಷ್ಟೇ. ಫುಲ್ ಕ್ರೀಮ್ ಆದರೆ ಕೊಬ್ಬು ಶೇ. 6, ಘನಾಂಶ ಶೇ. 9. ಸಾಸಿಗೆ ನಡುವಿನದು ಎಲ್ಲಕ್ಕಿಂತ ಒಳ್ಳೆಯದು. ಟೋನ್ಡ್ ಹಾಲಿನ ಸಾಸ್ ರುಚಿಗೆ ತುಸು ಬಡವಾಗುತ್ತದೆ. ಫುಲ್ ಕ್ರೀಮ್ ಹಾಲಿನದು ಫ್ರಿಜ್‌ನಲ್ಲಿಟ್ಟಾಗ ಬೆಣ್ಣೆಯಂತೆ ಗಟ್ಟಿಯಾಗಿ ಸುರಿಯಲು ಬಾರದು. ಮನೆಯ ದನದ ಹಾಲು ಸಿಗುವವರಿಗೆ ಬೇರೆ ಯೋಚನೆಯೇ ಬೇಡ, ಆದರೆ ಅದು ಕರೆದು ಹೆಚ್ಚು ಹೊತ್ತಾಗಿರಬಾರದು. ಹೊರಗಿಟ್ಟ ಹಾಲಿನಲ್ಲಿ ಹುಳಿ ಏರಿರುತ್ತದೆ. ಬಾಯಿಗೆ ಗೊತ್ತಾಗದಷ್ಟು ಕಡಿಮೆ ಹುಳಿಯಾದರೂ ಹಾಲು ಬತ್ತುತ್ತಿದ್ದಂತೆ ಅದೂ ಸಾಂದ್ರವಾಗಿ, ಮುಕ್ಕಾಲು ಕೆಲಸ ಮುಗಿದ ಹೊತ್ತಿಗೆ ಹಾಲು ಒಡೆದುಬಿಡುತ್ತದೆ.

ಒಡೆಯುವ ಭಯಕ್ಕೆ ಮದ್ದು ಅಡುಗೆ ಸೋಡಾ. ಒಂದು ಲೀಟರು ಹಾಲಿಗೆ ಕಾಲು ಟೀ ಚಮಚ ಸಾಕು. ಸೋಡಾ ಹಾಲಿನ ಹುಳಿಯನ್ನು ತಗ್ಗಿಸುತ್ತದೆ, ಪ್ರೋಟೀನು ಗಂಟು ಕಟ್ಟದಂತೆ ತಡೆಯುತ್ತದೆ. ಹುಳಿ ತಗ್ಗಿದಷ್ಟೂ ಮಯ್ಯಾರ್ ಕ್ರಿಯೆ ಚುರುಕಾಗುವುದರಿಂದ ಬಣ್ಣವೂ ಬೇಗ ಬರುತ್ತದೆ. ಸೋಡಾ ಇಲ್ಲದೆಯೂ ಸಾಸ್ ಆಗುತ್ತದೆ, ಆದರೆ ಅದು ಮಸುಕು ಬಣ್ಣದ್ದಾಗಿ, ಬಾಸುಂದಿಯ ಗುಂಪಿಗೆ ಸೇರುತ್ತದೆ. ಅರ್ಧ ಚಮಚ ಮೀರಿದರೆ ಸಾಬೂನಿನ ರುಚಿ ಹತ್ತುತ್ತದೆ. ಬಾಳೆಹಣ್ಣು ಕಲಸಿದ ಬನ್ಸ್ ಹಿಟ್ಟಿಗೆ ಸೋಡಾ ಹೆಚ್ಚಾದಾಗ ನಾಲಿಗೆಗೆ ಏನಾಗುತ್ತದೆಂದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೇಕಿಂಗ್ ಪೌಡರ್ ಇದಕ್ಕೆ ಬದಲಿ ಆಗದು, ಅದರಲ್ಲಿ ಹುಳಿಯ ಪದಾರ್ಥವೂ ಸೇರಿರುತ್ತದೆ.

ಸಕ್ಕರೆ ಲೀಟರಿಗೆ 250 ಗ್ರಾಂ. ಇನ್ನೂರಕ್ಕೆ ಇಳಿಸಿದರೆ ಸಾಸ್ ಬೇಗ ಕೆಡುತ್ತದೆ, ಮುನ್ನೂರಕ್ಕೆ ಏರಿಸಿದರೆ ಹಾಲಿನ ರುಚಿ ಸಿಹಿಯಡಿಯಲ್ಲಿ ಹೂತುಹೋಗುತ್ತದೆ. ಜೊತೆಗೆ ಚಿಟಿಕೆ ಉಪ್ಪು ಬೇಕೇ ಬೇಕು.

ಪಾತ್ರೆಯ ಬಾಯಿ ಅಗಲವಾಗಿರಬೇಕು, ತಳ ದಪ್ಪವಾಗಿರಬೇಕು. ಪಾಯಸಕ್ಕೆ ಇಟ್ಟುಕೊಂಡ ಕಂಚಿನ ಉರುಳಿ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದರ ಬಿಸಿ ಒಂದೇ ಸಮನಾಗಿ ಹರಡುತ್ತದೆ, ಅಗಲವಾದ ಬಾಯಿಯಿಂದ ನೀರು ಬೇಗ ಆರುತ್ತದೆ, ಮೂಲೆಗಳಿಲ್ಲದ ದುಂಡು ತಳದಲ್ಲಿ ಸೌಟು ಎಲ್ಲ ಕಡೆಗೂ ಹೋಗುತ್ತದೆ. ಇಲ್ಲದಿದ್ದರೆ ದಪ್ಪ ತಳದ ಸ್ಟೀಲ್ ಪಾತ್ರೆ ಆಗಬಹುದು. ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಪಾತ್ರೆ ಹಾಲಿನ ಮೂರು ಪಟ್ಟು ದೊಡ್ಡದಿರಬೇಕು, ಏಕೆಂದರೆ ಸೋಡಾ ಬಿದ್ದ ಹಾಲು ಉಕ್ಕುವ ಪರಿಯೇ ಬೇರೆ. ಹಿಡಿ ಉದ್ದವಿರುವ ಮರದ ಸಟ್ಟುಗ ಒಂದು ಕೈಗೆ ಸಿಗುವಂತಿರಲಿ.

ಹಾಲಿಗೆ ಸಕ್ಕರೆ, ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಕರಗಿಸುವುದು ಮೊದಲ ಕೆಲಸ. ಹಾಲು ಕುದಿಗೆ ಬಂದಾಗ ಒಲೆಯಿಂದ ಇಳಿಸಿ, ಒಂದು ಚಮಚ ನೀರಿನಲ್ಲಿ ಕಲಸಿದ ಸೋಡಾವನ್ನು ಹಾಕಬೇಕು. ನೊರೆ ಬುಸ್ಸೆಂದು ಏರುತ್ತದೆ, ಮಗುಚುತ್ತಿದ್ದರೆ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಬಳಿಕ ಮತ್ತೆ ಒಲೆಗೇರಿಸಿ ಉರಿ ತಗ್ಗಿಸಬೇಕು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿರಬೇಕು, ನಡುವೆ ಹಾಲು ಮೆಲ್ಲಗೆ ಮಿಸುಕುತ್ತಿರಬೇಕು. ಅದಕ್ಕಿಂತ ಜೋರು ಬೇಡ. ಪಾತ್ರೆಯ ತಳದಲ್ಲಿ ಸಣ್ಣದೊಂದು ಸ್ಟೀಲ್ ಬಟ್ಟಲನ್ನು ಬೋರಲು ಇಟ್ಟರೆ ಅದು ಹಬೆಗೆ ಕುಣಿಯುತ್ತ ಹಾಲು ಉಕ್ಕದಂತೆ ನೋಡಿಕೊಳ್ಳುತ್ತದೆ. ಹಾಲು ದಪ್ಪವಾಗಲು ತೊಡಗಿದಾಗ ಬಟ್ಟಲನ್ನು ತೆಗೆದುಬಿಡಬೇಕು.

ಮೊದಲ ಒಂದು ಗಂಟೆ ಹೆಚ್ಚು ಕಾಡುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು ತಳ ಕೆರೆದಂತೆ ಮಗುಚಿ, ಅಂಚಿಗೆ ಕಟ್ಟಿದ ಕೆನೆಯನ್ನು ಹಾಲಿಗೆ ಇಳಿಸಿದರೆ ಸಾಕು. ಕೆನೆಯನ್ನು ಅಂಚಿನಲ್ಲೇ ಒಣಗಲು ಬಿಟ್ಟರೆ ಅದು ಆಮೇಲೆ ಚಕ್ಕೆಯಾಗಿ ಬಿದ್ದು ಸಾಸಿನಲ್ಲಿ ಹಲ್ಲಿಗೆ ಸಿಗುತ್ತದೆ. ಎರಡನೇ ಗಂಟೆಯಲ್ಲಿ ಬಣ್ಣ ಓಡತೊಡಗುತ್ತದೆ. ಅಲ್ಲಿಯವರೆಗೆ ಕಾದ ಹಾಲಿನ ವಾಸನೆ ಇದ್ದದ್ದು ಈಗ ತುಪ್ಪ ಕಾಯಿಸಿದ ವಾಸನೆಗೆ ಹತ್ತಿರವಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷ ಒಲೆಯ ಮುಂದಿನಿಂದ ಕದಲುವಂತಿಲ್ಲ. ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಏಳುತ್ತವೆ; ಒಡೆದಾಗ ಹಲ್ವದಂತೆ ಚಟ್ಟೆಂದು ಸಿಡಿಯುತ್ತವೆ. ಸಟ್ಟುಗ ಎಳೆದ ದಾರಿಯಲ್ಲಿ ಪಾತ್ರೆಯ ತಳ ಕ್ಷಣ ಹೊತ್ತು ಕಂಡು ಮತ್ತೆ ಮುಚ್ಚಿಕೊಳ್ಳುತ್ತದೆ.

ಇಷ್ಟು ಕಾವಲು ಬೇಡುವ ದುಲ್ಸೆ ದೆ ಲೆಚೆ ಹುಟ್ಟಿದ ಬಗ್ಗೆ ಅರ್ಜೆಂಟಿನಾದಲ್ಲಿ ಒಂದು ಕಥೆಯಿದೆ. 1829ರಲ್ಲಿ ಕಾನ್ಯುವೆಲಾಸ್ ಎಂಬಲ್ಲಿ ಹುವಾನ್ ಮಾನ್ವೆಲ್ ದೆ ರೋಸಾಸ್ ಎಂಬ ನಾಯಕನ ಮನೆಯ ಕೆಲಸದಾಕೆ ಸಕ್ಕರೆ ಹಾಕಿದ ಹಾಲನ್ನು ಒಲೆಯ ಮೇಲೆ ಮರೆತುಹೋದಳಂತೆ, ಮರಳಿ ಬಂದು ನೋಡಿದರೆ ಅದು ಕಂದು ಪಾಕವಾಗಿತ್ತಂತೆ. ಹಾಲು ಕಾಯಿಸಿ ಗೊತ್ತಿರುವವರು ಇದನ್ನು ನಂಬುವುದು ಕಷ್ಟ. ಮರೆತ ಹಾಲು ಉಕ್ಕಿ ಒಲೆ ಆರಿಸುತ್ತದೆ, ಇಲ್ಲವೇ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ತುಂಬುತ್ತದೆ. ಈ ಸಾಸ್ ಯಾರದೋ ಮರೆವಿನಿಂದ ಹುಟ್ಟಿದ್ದಲ್ಲ, ಒಲೆಯ ಮುಂದೆ ನಿಂತವರ ತಾಳ್ಮೆಯಿಂದ ಹುಟ್ಟಿದ್ದೆಂದು ಹೇಳುವುದೇ ನ್ಯಾಯ.

ಪಾಕ ನೋಡುವ ಕ್ರಮ ಹೀಗೆ. ಫ್ರಿಜ್‌ನಲ್ಲಿ ತಣ್ಣಗಾದ ಸ್ಟೀಲ್ ತಟ್ಟೆಯ ಮೇಲೆ ಅರ್ಧ ಚಮಚ ಸಾಸ್ ಹಾಕಿ ಒಂದು ನಿಮಿಷ ಬಿಟ್ಟು, ಬೆರಳಿನಿಂದ ನಡುವೆ ಗೆರೆ ಎಳೆಯಬೇಕು. ಎರಡು ಬದಿಯಿಂದ ಸಾಸ್ ಹರಿದು ಗೆರೆ ಮುಚ್ಚಿದರೆ ಇನ್ನೂ ಬತ್ತಬೇಕು. ಗೆರೆ ಹಾಗೆಯೇ ನಿಂತರೆ ಆಗಿದೆ. ಪಾತ್ರೆಯಲ್ಲಿ ಬಿಸಿಯಿರುವಾಗಲೇ ಬೇಕಾದಷ್ಟು ದಪ್ಪ ಕಂಡರೆ ಅದು ತಡವಾದ ಲಕ್ಷಣ, ತಣ್ಣಗಾದ ಮೇಲೆ ಅದು ಪೇಡದ ಕಡೆಗೆ ಹೋಗುತ್ತದೆ. ಅಂಥದ್ದನ್ನು ಎರಡು ಚಮಚ ಬಿಸಿ ಹಾಲು ಸೇರಿಸಿ ಸರಿಪಡಿಸಬಹುದು. ತಳ ಹಿಡಿದ ವಾಸನೆ ಬಂದ ಕೂಡಲೇ ಕೆರೆಯದೆ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ ಮುಂದುವರಿಸಬೇಕು. ಕೆರೆದರೆ ಸೀದದ್ದು ಎಲ್ಲಕ್ಕೂ ಬೆರೆತು, ಆ ರುಚಿಯನ್ನು ಮತ್ತೆ ತೆಗೆಯಲು ಸಾಧ್ಯವಿಲ್ಲ. ಸಣ್ಣಗೆ ಒಡೆದು ಗಂಟಾದ ಸಾಸನ್ನು ಬೆಚ್ಚಗಿರುವಾಗಲೇ ಮಿಕ್ಸಿಯಲ್ಲಿ ತಿರುಗಿಸಿ ಸೋಸಿದರೆ ನುಣುಪು ಮರಳುತ್ತದೆ.

ಪಾಕವನ್ನು ತೂಕದಿಂದಲೂ ನೋಡಬಹುದು. ಸ್ಟ್ಯಾಂಡರ್ಡೈಸ್ಡ್ ಹಾಲಿನ ಲೀಟರಿನಲ್ಲಿ ಕೊಬ್ಬೂ ಸೇರಿ ಘನಾಂಶ ಸುಮಾರು 134 ಗ್ರಾಂ. ಸಕ್ಕರೆ 250 ಗ್ರಾಂ ಸೇರಿ 384. ತೇವ ಶೇ. 30 ಉಳಿದರೆ ಸಿಗುವ ಸಾಸ್ ಸುಮಾರು 550 ಗ್ರಾಂ, ಆರಿಹೋದ ನೀರು ಮುಕ್ಕಾಲು ಲೀಟರಿಗೆ ತುಸು ಕಡಿಮೆ. ಈ ಲೆಕ್ಕ ತೂಕದ ತಕ್ಕಡಿ ಇರುವವರಿಗೆ ತುಂಬ ಉಪಯೋಗಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಬಣ್ಣ, ಗೆರೆ ಯಾವುದನ್ನೂ ನಂಬದೆ ತೂಕ ನೋಡಿಯೇ ಒಲೆ ಆರಿಸಬಹುದು.

ಇದೇ ಲೆಕ್ಕ ಇನ್ನೊಂದು ತೊಂದರೆಯನ್ನೂ ವಿವರಿಸುತ್ತದೆ. ಚೆನ್ನಾಗಿ ಆದ ಸಾಸ್ ಕೂಡ ಕೆಲವು ವಾರದಲ್ಲಿ ನಾಲಿಗೆಗೆ ಮರಳು ಮರಳಾಗುವುದುಂಟು. ಸಕ್ಕರೆ ಕರಗಿಲ್ಲವೆಂದು ಹೆಚ್ಚಿನವರು ಎಣಿಸುತ್ತಾರೆ. ಆ ಮರಳು ಬಹುಮಟ್ಟಿಗೆ ಲ್ಯಾಕ್ಟೋಸಿನದು. ಒಂದು ಲೀಟರು ಹಾಲಿನಲ್ಲಿ 48 ಗ್ರಾಂನಷ್ಟು ಲ್ಯಾಕ್ಟೋಸ್ ಇರುತ್ತದೆ. ಸಾಸಿನಲ್ಲಿ ಉಳಿದ ನೀರು 165 ಗ್ರಾಂ. ಅಂದರೆ ನೂರು ಗ್ರಾಂ ನೀರಿಗೆ ಸುಮಾರು 29 ಗ್ರಾಂ ಆಯಿತು. ಸಾಮಾನ್ಯ ಬಿಸಿಯಲ್ಲಿ ನೂರು ಗ್ರಾಂ ನೀರು ಕರಗಿಸಿಕೊಳ್ಳುವ ಲ್ಯಾಕ್ಟೋಸ್ ಇಪ್ಪತ್ತು ಗ್ರಾಂ ಮಾತ್ರ, ಫ್ರಿಜ್‌ನ ತಂಪಿನಲ್ಲಿ ಇನ್ನೂ ಕಡಿಮೆ. ಉಳಿದದ್ದು ಹರಳುಗಟ್ಟಲೇಬೇಕು. ಸಾಸನ್ನು ಬಿಸಿ ಆರುವವರೆಗೂ ಮಗುಚುತ್ತ ಬೇಗ ತಣಿಸಿದರೆ ಹರಳುಗಳು ನಾಲಿಗೆಗೆ ತಾಗದಷ್ಟು ಸಣ್ಣದಾಗಿ ಉಳಿಯುತ್ತವೆ. ಅಗಲ ತಟ್ಟೆಗೆ ನೀರು ತುಂಬಿ ಅದರಲ್ಲಿ ಪಾತ್ರೆ ಇಟ್ಟು ಮಗುಚುವುದು ಸುಲಭದ ದಾರಿ. ಬೇಕರಿಯವರು ಬಳಸುವ ಲಿಕ್ವಿಡ್ ಗ್ಲೂಕೋಸ್ ಎರಡು ಚಮಚ ಸೇರಿಸಿದರೂ ಹರಳು ಕಟ್ಟುವುದು ತಡವಾಗುತ್ತದೆ.

ಎರಡು ಗಂಟೆ ಇಲ್ಲದವರು ಕಂಡೆನ್ಸ್ಡ್ ಮಿಲ್ಕಿನ ಡಬ್ಬಿಗೆ ಕೈಹಾಕುತ್ತಾರೆ. ಅಮೆರಿಕದ ಗೇಲ್ ಬೋರ್ಡನ್ 1856ರಲ್ಲಿ ಹಾಲು ಬತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಪ್ರಪಂಚದೆಲ್ಲೆಡೆ ಹಬ್ಬಿದ ಪದಾರ್ಥ ಇದು. ನಮ್ಮಲ್ಲಿ ಮಿಲ್ಕ್‌ಮೇಡ್ ಎಂದರೇ ಎಲ್ಲರಿಗೂ ಅರ್ಥವಾಗುತ್ತದೆ. ಹಾಲು ಅದಾಗಲೇ ಬತ್ತಿದೆ, ಸಕ್ಕರೆಯೂ ಇದೆ, ಕೆಂಪಾಗುವುದೊಂದು ಬಾಕಿ. ಮುಚ್ಚಿದ ಡಬ್ಬಿಯನ್ನೇ ಗಂಟೆಗಟ್ಟಲೆ ನೀರಿನಲ್ಲಿ ಕುದಿಸುವ ಪದ್ಧತಿ ಬಹಳ ಕಡೆ ಇದೆ. ಅದನ್ನು ಯಾರೂ ಮಾಡಬಾರದು. ನೀರು ಆರಿ ಡಬ್ಬಿ ಬರಿದಾದ ತಳಕ್ಕೆ ತಾಗಿದರೆ ಒಳಗಿನ ಒತ್ತಡಕ್ಕೆ ಅದು ಸಿಡಿಯುತ್ತದೆ; ಬಿಸಿಯಿರುವಾಗ ತೆರೆದರೂ ಕುದಿಯುವ ಪಾಕ ಮುಖಕ್ಕೆ ಚಿಮ್ಮುತ್ತದೆ. ಅದರ ಬದಲು ಡಬ್ಬಿಯ ಹಾಲನ್ನು ಸಣ್ಣ ಸ್ಟೀಲ್ ಪಾತ್ರೆಗೆ ಸುರಿದು, ಬಾಯಿಗೆ ಫಾಯಿಲ್ ಕಟ್ಟಿ, ಪ್ರೆಶರ್ ಕುಕ್ಕರಿನಲ್ಲಿ ಎರಡು ಬೆರಳು ನೀರಿನ ಮೇಲೆ ಇಟ್ಟು, ಮೊದಲ ಸೀಟಿಯ ಬಳಿಕ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಬೇಯಿಸಬೇಕು. ಕುಕ್ಕರಿನೊಳಗೆ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಬಣ್ಣ ಬೇಗ ಬರುತ್ತದೆ. ಸಾಸ್ ದಪ್ಪವಾಗಿ, ನುಣುಪಾಗಿ ಬರುತ್ತದೆ, ಕೇಕಿನ ಪದರಗಳ ನಡುವೆ ಹಚ್ಚಲು ಚೆನ್ನಾಗಿದೆ. ಆದರೆ ತೆರೆದ ಪಾತ್ರೆಯಲ್ಲಿ ಬತ್ತಿದ ಹಾಲಿನ ಘಮ ಇದಕ್ಕಿಲ್ಲ. ಪಕ್ಕಪಕ್ಕದಲ್ಲಿಟ್ಟು ತಿಂದವರಿಗೆ ಈ ವ್ಯತ್ಯಾಸ ಮೊದಲ ಚಮಚದಲ್ಲೇ ಗೊತ್ತಾಗುತ್ತದೆ.

ಕರಾವಳಿಗೆ ಹೆಚ್ಚು ಒಗ್ಗುವ ಇನ್ನೊಂದು ದಾರಿ ಬೆಲ್ಲ ಮತ್ತು ತೆಂಗಿನಕಾಯಿ ಹಾಲಿನದು. ಕುದಿಯುವ ದನದ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆಂದು ಪಾಯಸ ಮಾಡುವ ಎಲ್ಲರಿಗೂ ಗೊತ್ತು. ಬೆಲ್ಲದ ಹುಳಿಯೇ ಅದಕ್ಕೆ ಕಾರಣ. ಕಾಯಿಹಾಲಿಗೆ ಆ ಹಠವಿಲ್ಲ. ಎರಡು ತೆಂಗಿನಕಾಯಿಯ ಹಾಲು ಹಿಂಡಿ, ದಪ್ಪ ಹಾಲನ್ನು ಬೇರೆ ಇಟ್ಟು, ನೀರು ಹಾಲಿಗೆ ಇನ್ನೂರು ಗ್ರಾಂ ಬೆಲ್ಲ ಹಾಕಿ ಅರ್ಧಕ್ಕೆ ಬತ್ತಿಸಿ ಸೋಸಬೇಕು. ಬಳಿಕ ದಪ್ಪ ಹಾಲು ಸೇರಿಸಿ ಕೈಬಿಡದೆ ಮಗುಚಿ, ಅಂಚಿನಲ್ಲಿ ಎಣ್ಣೆಯ ಹೊಳಪು ಕಾಣುವ ಮೊದಲೇ ಇಳಿಸಬೇಕು. ಇದರಲ್ಲಿ ಲ್ಯಾಕ್ಟೋಸ್ ಇಲ್ಲ, ಹಾಗಾಗಿ ಹಾಲು ಆಗದವರೂ ತಿನ್ನಬಹುದು. ಕಂದು ಬಣ್ಣ ಬಹುಪಾಲು ಬೆಲ್ಲದ್ದೇ. ತಾಟಿಮರದ ಓಲೆ ಬೆಲ್ಲ ಸಿಕ್ಕಿದರೆ ಅದರ ಹೊಗೆಯ ಪರಿಮಳವೂ ಸಾಸಿಗೆ ಇಳಿಯುತ್ತದೆ. ಇದನ್ನು ದುಲ್ಸೆ ದೆ ಲೆಚೆ ಎನ್ನಲಾಗದು, ಆದರೆ ರುಚಿಯಲ್ಲಿ ಅದಕ್ಕೆ ಸೋಲುವುದಿಲ್ಲ.

ಪರಿಮಳಕ್ಕೆ ಏನು ಹಾಕಬೇಕು ಎಂಬ ಪ್ರಶ್ನೆಗೆ ಕಡಿಮೆ ಹಾಕಬೇಕು ಎಂಬುದೇ ಉತ್ತರ. ವೆನಿಲ್ಲಾ ಕೋಡು ಇದ್ದರೆ ಅರ್ಧ ಸೀಳಿ ಮೊದಲಿಗೇ ಹಾಲಿಗೆ ಹಾಕಬಹುದು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಈ ಶತಮಾನದ ಆರಂಭದಲ್ಲಿ ಬೆಲೆಯ ಆಸೆಗೆ ಹಬ್ಬಿಸಿದ ಬಳ್ಳಿ ಅದು, ಬೆಲೆ ಬಿದ್ದ ಮೇಲೆ ಹೆಚ್ಚಿನ ಕಡೆ ಮಾಯವಾಯಿತು. ಏಲಕ್ಕಿ ಹಾಕಿದರೆ ಸಾಸ್ ಪಾಯಸವಾಗುತ್ತದೆ, ಅದು ಬೇಡ. ಗಟ್ಟಿ ಕಾಫಿ ಡಿಕಾಕ್ಷನ್ ಎರಡು ಚಮಚ ಕೊನೆಗೆ ಸೇರಿಸಿದರೆ ಸಿಹಿಗೆ ಕಹಿಯ ಅಂಚು ಸಿಗುತ್ತದೆ, ಇದು ಮಾಡಿ ನೋಡಲೇಬೇಕಾದದ್ದು.

ಮಂಗಳೂರಿನಲ್ಲಿ ಸಾಸ್ ಎಂದರೆ ಮೊದಲು ನೆನಪಾಗುವುದು ಐಸ್‌ಕ್ರೀಮ್. 1975ರಲ್ಲಿ ಪ್ರಭಾಕರ ಕಾಮತ್ ಹಂಪನಕಟ್ಟೆಯ ಬಳಿ ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಮ್ ಅಂಗಡಿ ಆರಂಭಿಸಿದಂದಿನಿಂದ ಈ ಊರು ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ತುಂಬಿದ ಗಡ್‌ಬಡ್‌ಗೆ ಮನಸೋತಿದೆ. ಮುಂಬೈಯ ಜುಹುವಿನಲ್ಲಿ 1984ರಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದ ರಘುನಂದನ ಕಾಮತರೂ ಮುಲ್ಕಿ ಕಡೆಯವರೇ. ಹಾಲಿನ ಕ್ಯಾರಮೆಲ್ ವೆನಿಲ್ಲಾ ಐಸ್‌ಕ್ರೀಮಿಗೆ, ಹುರಿದ ಗೋಡಂಬಿ ಚೂರಿನ ಜೊತೆ, ಹೇಳಿ ಮಾಡಿಸಿದಂತಿದೆ. ಎಳನೀರು, ಹಲಸು, ಚಿಕ್ಕು ಐಸ್‌ಕ್ರೀಮುಗಳ ಮೇಲೆ ಸುರಿಯಬಾರದು. ಹಣ್ಣಿನ ನಯವಾದ ರುಚಿಯನ್ನು ಅದು ಮುಚ್ಚಿಹಾಕುತ್ತದೆ. ಬಿಸಿ ಬನ್ಸ್‌ಗೆ ಇದು ಅತಿಯಾಗುತ್ತದೆ, ಬಾಳೆಹಣ್ಣು, ಸಕ್ಕರೆ ಅಲ್ಲೇ ಸಾಕಷ್ಟಿವೆ.

ಎಲ್ಲಕ್ಕಿಂತ ಚೆಂದ ನೀರುದೋಸೆಯ ಜೊತೆ. ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಅದ್ದಿ ತಿನ್ನುವ ದೋಸೆಗೆ ಈ ಸಾಸ್ ಹೊರಗಿನದೆನಿಸುವುದಿಲ್ಲ. ದೋಸೆಯಲ್ಲಿರುವುದು ಅಕ್ಕಿ, ನೀರು, ಉಪ್ಪು ಮಾತ್ರ. ಆ ಸಪ್ಪೆ ಮತ್ತು ಉಪ್ಪಿನ ಮೇಲೆ ಹಾಲಿನ ಕೆಂಪು ಸಿಹಿ ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಒಲೆಯಿಂದ ಇಳಿದ ದೋಸೆಯ ಒಳಬದಿಗೆ ಒಂದು ಚಮಚ ಸವರಿ, ನಾಲ್ಕಾಗಿ ಮಡಚಿ, ಬಿಸಿಯಾರುವ ಮೊದಲು ತಿನ್ನಬೇಕು.

ಉಳಿದ ಸಾಸನ್ನು ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಭರಣಿಗೆ ತುಂಬಬೇಕು. ಮಂಗಳೂರಿನ ತೇವದ ಗಾಳಿಯಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಹೊರಗಿಟ್ಟರೆ ಮೇಲ್ಮೈ ನೀರು ಹೀರಿ ಬೂಷ್ಟು ಹಿಡಿಯುತ್ತದೆ. ಫ್ರಿಜ್‌ನಲ್ಲಿಟ್ಟು, ಒಣ ಚಮಚ ಬಳಸಿದರೆ ಮೂರು ವಾರ ಚೆನ್ನಾಗಿರುತ್ತದೆ. ಮಾಡಿದ ದಿನಾಂಕವನ್ನು ಭರಣಿಯ ಮೇಲೆ ಬರೆದಿಡಿ. ಬಡಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ.